ಕಾಡು ಬಿಟ್ಟರೆ ಬೇರೆ ಊರಿಲ್ಲದವರು: ಬಿಳಿಗಿರಿ ಬೆಟ್ಟದ ಸೋಲಿಗರು



ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಬಿರಿಯಾನಿಗೆ ಹಾಕುವ ಚಕ್ಕೆ, ಲವಂಗ, ಏಲಕ್ಕಿಗಳ ಜೊತೆ ಕಪ್ಪು-ಬೂದು ಬಣ್ಣದ, ಒಣಗಿದ ಎಲೆಯಂತಹ ವಸ್ತುವೊಂದು ಇರುತ್ತದೆ. ಅಂಗಡಿಯವರು ಅದನ್ನು ಕಲ್ಲುಹೂವು ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಪತ್ಥರ್ ಕಾ ಫೂಲ್ ಎನ್ನುವುದೂ ಉಂಟು. ಅದು ಹೂವೂ ಅಲ್ಲ, ಎಲೆಯೂ ಅಲ್ಲ. ಕಾಡಿನ ಮರಗಳ ತೊಗಟೆಯ ಮೇಲೆ, ಬಂಡೆಯ ಮೇಲೆ ಬೆಳೆಯುವ ಒಂದು ಬಗೆಯ ಲೈಕನ್. ಅದನ್ನು ಯಾರಾದರೂ ಕಾಡಿಗೆ ಹೋಗಿ, ಮರ ಹತ್ತಿ, ಕೈಯಿಂದ ಕಿತ್ತು ತರಬೇಕು. ಸ್ನಾನಕ್ಕೆ ಬಳಸುವ ಸೀಗೆಕಾಯಿ, ಉಪ್ಪಿನಕಾಯಿಗೆ ಬೇಕಾದ ಬೆಟ್ಟದ ನೆಲ್ಲಿಕಾಯಿ, ಕೆಮ್ಮಿಗೆಂದು ಮಕ್ಕಳಿಗೆ ನೆಕ್ಕಿಸುವ ಕಾಡುಜೇನು, ಇವೆಲ್ಲವೂ ಹೀಗೆಯೇ ಬರುತ್ತವೆ.

ವಿಜಯನಗರದ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಇವನ್ನು ಕೊಳ್ಳುವಾಗ ನಾವು ಬೆಲೆಯನ್ನು ಕೇಳುತ್ತೇವೆ, ತೂಕವನ್ನು ನೋಡುತ್ತೇವೆ. ತಂದವರು ಯಾರೆಂದು ಕೇಳುವುದಿಲ್ಲ. ಈ ತಿಂಗಳು ಅಂಥ ಒಂದು ಜನಾಂಗದ ಪರಿಚಯ ಮಾಡಿಕೊಳ್ಳೋಣ. ಅವರೇ ಸೋಲಿಗರು.

ಎಲ್ಲಿದ್ದಾರೆ ಇವರು?

ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಮದ್ದೂರಿನಲ್ಲಿ ತಿರುಗಿ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿದರೆ ಬಿಳಿಗಿರಿರಂಗನ ಬೆಟ್ಟ ಸಿಗುತ್ತದೆ. ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರ್. ಚಾಮರಾಜನಗರ ಜಿಲ್ಲೆಯಲ್ಲಿರುವ ಈ ಬೆಟ್ಟಸಾಲು ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಬೆಸೆಯುವ ಸೇತುವೆಯಂತಿದೆ. ಒಂದೇ ಬೆಟ್ಟದಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ಸದಾ ಹಸಿರಾಗಿರುವ ಶೋಲಾ ಕಾಡು, ತುದಿಯಲ್ಲಿ ಹುಲ್ಲುಗಾವಲು ಎಲ್ಲವೂ ಇವೆ. ಆನೆ, ಹುಲಿ, ಕಾಟಿ, ಕರಡಿಗಳ ಜೊತೆಗೆ ತಲೆತಲಾಂತರದಿಂದ ಮನುಷ್ಯರೂ ಅಲ್ಲಿ ಬಾಳಿದ್ದಾರೆ.

ಸೋಲಿಗರ ಹಟ್ಟಿಗೆ ಪೋಡು ಎಂದು ಹೆಸರು. ಬಿಳಿಗಿರಿಯಲ್ಲಿ ಮತ್ತು ಅದರ ಸುತ್ತ ಸುಮಾರು ಅರವತ್ತು ಪೋಡುಗಳಿವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮತ್ತು ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡಿನಲ್ಲಿ ಸಹ ಇವರಿದ್ದಾರೆ. ಇವರ ನುಡಿ ಕನ್ನಡದ ಹತ್ತಿರದ ಬಳಗದ್ದು. ಸ್ವಲ್ಪ ಹೊತ್ತು ಕಿವಿಗೊಟ್ಟರೆ ನಮಗೂ ಅರ್ಥವಾಗುತ್ತದೆ. ಸೋಲಿಗ ಎಂದರೆ ಬಿದಿರಿನಿಂದ ಹುಟ್ಟಿದವನು ಎಂದು ಅವರಲ್ಲಿ ಹೇಳುವುದುಂಟು. ಕಾರಯ್ಯ ಎಂಬಾತ ತಮ್ಮ ಮೂಲಪುರುಷನೆಂದು ಅವರು ಹಾಡುತ್ತಾರೆ.

ಬದುಕಿನ ಬಗೆ

ಹಿಂದೆ ಸೋಲಿಗರು ಕಾಡಿನ ಒಂದು ತುಂಡನ್ನು ಸವರಿ, ರಾಗಿ, ಜೋಳ, ಅವರೆ, ಸಾಸಿವೆ, ಕುಂಬಳಗಳನ್ನು ಒಟ್ಟಿಗೇ ಬಿತ್ತುತ್ತಿದ್ದರು. ಕೆಲವು ವರ್ಷಗಳ ನಂತರ ಆ ನೆಲಕ್ಕೆ ವಿಶ್ರಾಂತಿ ಕೊಟ್ಟು ಬೇರೆಡೆಗೆ ಹೋಗುತ್ತಿದ್ದರು. ನೆಲ ಮತ್ತೆ ಕಾಡಾಗುತ್ತಿತ್ತು. ಈಗ ಆ ಪದ್ಧತಿ ನಿಂತುಹೋಗಿದೆ. ಇಂದು ಹಲವರು ಒಂದೆರಡು ಎಕರೆಯಲ್ಲಿ ರಾಗಿ, ಜೋಳದ ಜೊತೆ ಮರದ ನೆರಳಿನಲ್ಲಿ ಕಾಫಿ, ಮೆಣಸು ಬೆಳೆಯುತ್ತಾರೆ. ಉಳಿದಂತೆ ಕಾಡಿನ ಕಿರುಉತ್ಪನ್ನ ಮತ್ತು ಕೂಲಿಯೇ ಆಧಾರ.

ಗೆಣಸು ಅಗೆಯುವ ಅವರ ಕ್ರಮವನ್ನು ಕೇಳಿ. ಕಾಡಿನಲ್ಲಿ ಹಲವು ಬಗೆಯ ಗೆಣಸುಗಳಿವೆ. ಸೋಲಿಗ ಹೆಂಗಸು ಗೆಣಸನ್ನು ಅಗೆದ ಮೇಲೆ ಬಳ್ಳಿಗೆ ಅಂಟಿದ ತಲೆಯ ಭಾಗವನ್ನು ಮತ್ತೆ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಾಳೆ. ಮುಂದಿನ ವರ್ಷ ಅಲ್ಲಿ ಗೆಣಸು ಇರಲೇಬೇಕಲ್ಲ! ಯಾವ ಪುಸ್ತಕವೂ ಹೇಳಿಕೊಡದ ಈ ಪಾಠ ತಾಯಿಯಿಂದ ಮಗಳಿಗೆ ಬಂದದ್ದು.

ಜೇನು ಕೀಳುವುದು ಗಂಡಸರ ಕೆಲಸ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂದು ನಾಲ್ಕು ಬಗೆಯ ಜೇನನ್ನು ಅವರು ಬಲ್ಲರು. ಹೆಜ್ಜೇನು ಎತ್ತರದ ಮರಗಳಲ್ಲಿ, ಕಡಿದಾದ ಬಂಡೆಗಳಲ್ಲಿ ಕಟ್ಟುತ್ತದೆ. ಕತ್ತಲಾದ ಮೇಲೆ ಹೊಗೆ ಹಾಕಿ, ಹಗ್ಗ ಅಥವಾ ಬಳ್ಳಿಯ ಆಸರೆಯಲ್ಲಿ ಏರಬೇಕು. ಕೈಜಾರಿದರೆ ಜೀವವೇ ಹೋದೀತು. ಕಿತ್ತ ಜೇನಿನಲ್ಲಿ ಸ್ವಲ್ಪವನ್ನು ನೆಲದ ಮೇಲೆ ಬಿಟ್ಟು ಬರುವ ವಾಡಿಕೆ ಅವರಲ್ಲಿದೆ. ಯಾರಿಗಾಗಿ? ಹುಲಿಗಾಗಿ! ಹುಲಿಗೆ ಮರ ಹತ್ತಿ ಜೇನು ಕೀಳಲು ಬಾರದು, ಅದೂ ನಮ್ಮವರಲ್ಲಿ ಒಬ್ಬ, ಅದರ ಪಾಲು ಅದಕ್ಕೆ ಸಲ್ಲಬೇಕು ಎನ್ನುತ್ತಾರೆ ಅವರು. ನಗರದಲ್ಲಿ ಒಡಹುಟ್ಟಿದವರೇ ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಕಂಡಿರುವ ನಮಗೆ ಇದು ವಿಚಿತ್ರವೆನಿಸಬಹುದು.

ನಂಬಿಕೆಗಳು

ಸೋಲಿಗರ ನಂಬಿಕೆಗಳು ನಮ್ಮ ನಂಬಿಕೆಗಳಲ್ಲ. ಸೃಷ್ಟಿಕರ್ತನೊಬ್ಬನೇ ಆರಾಧನೆಗೆ ಅರ್ಹನೆಂದು ನಂಬಿದವರು ನಾವು. ಆದರೆ ನೆರೆಯವನ ನಂಬಿಕೆ ಏನೆಂದು ತಿಳಿಯದೆ ಅವನ ಬದುಕು ಅರ್ಥವಾಗುವುದಿಲ್ಲ. ತಿಳಿಯದೆ ಅಣಕಿಸುವುದಂತೂ ಸಭ್ಯರ ಲಕ್ಷಣವಲ್ಲ.

ಸೋಲಿಗರು ಕಾಡನ್ನು ಯೆಲ್ಲೆಗಳಾಗಿ ಹಂಚಿಕೊಂಡಿದ್ದಾರೆ. ಒಂದೊಂದು ಯೆಲ್ಲೆಯೂ ಒಂದೊಂದು ಕುಲಕ್ಕೆ ಸೇರಿದ್ದು. ಪ್ರತಿ ಯೆಲ್ಲೆಯಲ್ಲಿ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ಹಿರಿಯರನ್ನು ನೆನೆಯುವ ಒಂದು ಕಲ್ಲುಗುಡಿ ಮತ್ತು ಒಂದು ಅಬ್ಬಿ, ಅಂದರೆ ನೀರಿನ ಸೆಲೆ ಇರುತ್ತವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗ ಹಿರಿಯರ ಜೊತೆ ಕಾಡು ಸುತ್ತಿ ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ನಮ್ಮ ಕಣ್ಣಿಗೆ ಬರೀ ಕಾಡಾಗಿ ಕಾಣುವ ಜಾಗ ಅವರಿಗೆ ಹೆಸರುಳ್ಳ ಊರುಕೇರಿ.

ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡಸಂಪಿಗೆ ಎಂಬ ಬಹು ಪುರಾತನ ಸಂಪಿಗೆ ಮರವಿದೆ. ಅದು ಅವರಿಗೆ ಅತ್ಯಂತ ಪವಿತ್ರ. ಹುಲಿವೀರಪ್ಪ ಎಂಬ ಹೆಸರಿನಲ್ಲಿ ಹುಲಿಗೂ ಪೂಜೆಯುಂಟು. ಬೆಟ್ಟದ ಬಿಳಿಗಿರಿರಂಗನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆ ಅವರಲ್ಲಿ ಪ್ರಚಲಿತವಾಗಿದೆ. ಆದ್ದರಿಂದ ಆ ದೇವರನ್ನು ಅವರು ಭಾವ ಎಂದೇ ಕರೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಹೊಸ ರಾಗಿಯಿಂದ ರೊಟ್ಟಿ ತಟ್ಟಿ, ಎಲ್ಲರೂ ಕೂಡಿ ರೊಟ್ಟಿಹಬ್ಬ ಮಾಡುತ್ತಾರೆ. ಅಂದು ಗಂಡಸರು, ಹೆಂಗಸರು ರಾತ್ರಿಯಿಡೀ ಗೊರುಕನ ಹಾಡು ಹೇಳುತ್ತಾ ಸುತ್ತು ಕುಣಿಯುತ್ತಾರೆ. ಆ ಹಾಡುಗಳ ತುಂಬ ಕಾಡಿನ ಪ್ರಾಣಿ, ಪಕ್ಷಿ, ಹೂವುಗಳ ಹೆಸರುಗಳೇ.

ವರದಕ್ಷಿಣೆ ಇಲ್ಲದ ಮದುವೆ

ಸಹೋದರಿಯರೇ, ನಾವು ವಿಶೇಷವಾಗಿ ಗಮನಿಸಬೇಕಾದದ್ದು ಅವರ ಮದುವೆಯ ಪದ್ಧತಿಯನ್ನು. ಹಾಲರು, ಸೂರರು, ತೆನೆಯರು, ಬಳೆಯರು ಮುಂತಾಗಿ ಅವರಲ್ಲಿ ಕುಲಗಳಿವೆ. ಒಂದೇ ಕುಲದೊಳಗೆ ಮದುವೆಯಿಲ್ಲ. ಹುಡುಗಿಯ ಒಪ್ಪಿಗೆ ಇಲ್ಲದೆ ಮದುವೆಯ ಮಾತೇ ಇಲ್ಲ. ಹುಡುಗ, ಹುಡುಗಿ ಮೆಚ್ಚಿ ಕಾಡಿಗೆ ಓಡಿಹೋಗಿ ಕೆಲವು ದಿನಗಳ ನಂತರ ಮರಳುವುದೂ, ಕುಲದ ಹಿರಿಯರು ಸಣ್ಣ ದಂಡ ಹಾಕಿ ಮದುವೆ ಮಾಡಿಸುವುದೂ ಅವರ ಹಳೆಯ ರೂಢಿ. ಇದನ್ನು ನಾವು ಒಪ್ಪಲಾರೆವು, ಒಪ್ಪಬೇಕೆಂದೂ ಇಲ್ಲ. ಆದರೆ ಅವರ ಸಂಪ್ರದಾಯದಲ್ಲಿ ವರದಕ್ಷಿಣೆ ಎಂಬುದಿಲ್ಲ. ಹೆಣ್ಣು ಹುಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂರುವವರಿಲ್ಲ. ವಿಧವೆ ಮರುಮದುವೆಯಾದರೆ ಬೆರಳು ತೋರಿಸುವವರಿಲ್ಲ. ಮಹರ್ ಕೊಟ್ಟು ಮದುವೆಯಾಗಬೇಕೆಂಬ ಸ್ಪಷ್ಟ ಆದೇಶವಿದ್ದೂ ವರನ ಕಡೆಯವರು ಗಾಡಿ, ಚಿನ್ನ, ಫರ್ನಿಚರ್ ಪಟ್ಟಿ ಹಿಡಿದು ಬರುವುದನ್ನು ನೋಡುತ್ತಿರುವ ನಮಗೆ, ಅಕ್ಷರ ಕಲಿಯದ ಆ ಕಾಡಿನ ಹಿರಿಯರ ಮುಂದೆ ಏನು ಹೇಳಲು ಬಾಯಿದೆ?

ಮನೆಯವರೇ ಅತಿಕ್ರಮಣಕಾರರಾದ ಕಥೆ

1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು. ನಂತರ ಅದರ ವಿಸ್ತಾರ 540 ಚದರ ಕಿಲೋಮೀಟರಿಗೆ ಬೆಳೆಯಿತು. ಕಾಡು, ಪ್ರಾಣಿ ಉಳಿಯಬೇಕು ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ತಂದು ರಸ್ತೆಯ ಬದಿಯಲ್ಲಿ, ಕಾಡಿನ ಅಂಚಿನಲ್ಲಿ ಕೂರಿಸಲಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಕಲ್ಲುಹೂವು. ಇವನ್ನು ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳ ಮೂಲಕ ಮಾರಿ ಬದುಕು ಸಾಗಿಸಿದರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೆಲವೇ ವರ್ಷಗಳಲ್ಲಿ ಅದಕ್ಕೂ ನಿಷೇಧ ಬಂತು. ಮನೆಯ ಅರ್ಧಕ್ಕರ್ಧ ಆದಾಯ ಒಮ್ಮೆಲೇ ಕಡಿದುಹೋದರೆ ಏನಾಗುತ್ತದೆಂದು ಸಂಸಾರ ತೂಗಿಸುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರು, ಹೆಂಗಸರು ಕೂಲಿ ಹುಡುಕಿಕೊಂಡು ಕೊಡಗಿನ ಕಾಫಿ ತೋಟಗಳಿಗೆ, ತಮಿಳುನಾಡಿಗೆ ಹೋಗಬೇಕಾಯಿತು.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2007ರ ಡಿಸೆಂಬರ್ 31ರಂದು ಅದು ಜಾರಿಗೆ ಬಂತು. ತಲೆಮಾರುಗಳಿಂದ ಕಾಡಿನಲ್ಲಿದ್ದವರಿಗೆ ಆದ ಅನ್ಯಾಯವನ್ನು ಸರಿಪಡಿಸುವುದೇ ಈ ಕಾಯ್ದೆಯ ಉದ್ದೇಶವೆಂದು ಅದರ ಪೀಠಿಕೆಯಲ್ಲೇ ಇದೆ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಕಾಡಿನ ನೆಲದಲ್ಲಿ ಸಾಗುವಳಿ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ನಾಲ್ಕು ಹೆಕ್ಟೇರುವರೆಗೆ ಹಕ್ಕುಪತ್ರ ಸಿಗಬೇಕು. ಕಿರುಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು ಇಡೀ ಸಮುದಾಯಕ್ಕೆ ಸಿಗಬೇಕು. ಇದರಲ್ಲಿ ನಮ್ಮ ಗಮನ ಸೆಳೆಯಬೇಕಾದ ಅಂಶ ಇನ್ನೊಂದಿದೆ. ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ, ಹೆಂಡತಿ ಇಬ್ಬರ ಹೆಸರಿನಲ್ಲಿಯೂ ಇರಬೇಕು. ಅರ್ಜಿಗಳನ್ನು ಪರಿಶೀಲಿಸುವ ಗ್ರಾಮಮಟ್ಟದ ಸಮಿತಿಯಲ್ಲಿ ಮೂರರಲ್ಲಿ ಒಂದು ಭಾಗ ಮಹಿಳೆಯರಿರಬೇಕು. ಬೆಂಗಳೂರಿನ ಎಷ್ಟು ಮನೆಗಳ ಖಾತಾ ಪತ್ರದಲ್ಲಿ ಹೆಂಡತಿಯ ಹೆಸರಿದೆ? ಯೋಚಿಸಿ.

ಹಾಗಿದ್ದೂ 2011ರ ಜನವರಿಯಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ತಮ್ಮನ್ನು ಕೇಳದೆ ಇದನ್ನು ಮಾಡಲಾಯಿತೆಂದು ಸೋಲಿಗರು ಪ್ರತಿಭಟಿಸಿದರು. ಪೋಡು ಪೋಡುಗಳಲ್ಲಿ ಸಭೆ ನಡೆಸಿದರು, ಮೆರವಣಿಗೆ ತೆಗೆದರು, ದಾಖಲೆಗಳನ್ನು ಕಲೆಹಾಕಿದರು. ಯೆಲ್ಲೆಗಳನ್ನು ಗುರುತಿಸಿದ ನಕ್ಷೆಯೂ ಆಗ ಅವರ ಕೈಗೆ ಸಾಕ್ಷಿಯಾಗಿ ಒದಗಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಮೊದಲ ಸಲ!

ಮನುಷ್ಯರಿದ್ದರೆ ಹುಲಿ ಉಳಿಯುವುದಿಲ್ಲ ಎನ್ನುವವರಿಗೆ ಬಿಳಿಗಿರಿಯೇ ಉತ್ತರ ಕೊಟ್ಟಿತು. 2010ರ ಗಣತಿಯಲ್ಲಿ 35ರಷ್ಟಿದ್ದ ಹುಲಿಗಳ ಸಂಖ್ಯೆ 2014ರ ಹೊತ್ತಿಗೆ 68ಕ್ಕೆ ಏರಿತೆಂದು ವರದಿಯಾಯಿತು. ಸೋಲಿಗರು ಆಗಲೂ ಅಲ್ಲಿಯೇ ಇದ್ದರು.

ಬೆಂಕಿ ಮತ್ತು ಲಾಂಟಾನ

ಹಿಂದೆ ಬೇಸಿಗೆ ಬಲಿಯುವ ಮೊದಲೇ ಸೋಲಿಗರು ಕಾಡಿನ ನೆಲದ ಮೇಲಿನ ಒಣ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಇದಕ್ಕೆ ತರಗುಬೆಂಕಿ ಎನ್ನುತ್ತಾರೆ. ಮಂಜಿನ ತೇವ ಇನ್ನೂ ಇರುವಾಗ ಹಚ್ಚುವುದರಿಂದ ಅದು ಎತ್ತರಕ್ಕೆ ಏರುತ್ತಿರಲಿಲ್ಲ. ಮರಗಳಿಗೆ ಹಾನಿಯಾಗುತ್ತಿರಲಿಲ್ಲ. ಮಳೆ ಬಿದ್ದೊಡನೆ ಹೊಸ ಹುಲ್ಲು ಚಿಗುರುತ್ತಿತ್ತು, ಜಿಂಕೆ, ಕಾಟಿಗಳಿಗೆ ಮೇವಾಗುತ್ತಿತ್ತು. ನೆಲ್ಲಿ ಮರದ ರಸ ಹೀರುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು. ಅರಣ್ಯ ಇಲಾಖೆ ಬೆಂಕಿಯನ್ನು ಪೂರ್ತಿ ನಿಷೇಧಿಸಿತು.

ಆಮೇಲೆ ಏನಾಯಿತು? ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ತಂದ ಲಾಂಟಾನ ಮುಳ್ಳುಪೊದೆ ಕಾಡನ್ನೆಲ್ಲ ಆವರಿಸಿತು. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ಗೆಣಸು ಸಿಗದು, ಮರದ ಸಸಿ ಏಳದು. ಒಣಗಿದಾಗ ಕಿಡಿ ತಗುಲಿದರೆ ಬೆಂಕಿ ಮರದ ನೆತ್ತಿಯವರೆಗೂ ಏರುತ್ತದೆ. ಮೇವು ಸಿಗದ ಆನೆಗಳು ಹೊಲಕ್ಕೆ ನುಗ್ಗುತ್ತವೆ. ತರಗುಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂಬುದು ಸೋಲಿಗ ಹಿರಿಯರ ಮಾತು. ವಿಜ್ಞಾನಿಗಳೂ ಈಗ ಈ ಮಾತನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದೇ ಲಾಂಟಾನದ ಕಡ್ಡಿಯನ್ನು ಕುದಿಸಿ, ಬಗ್ಗಿಸಿ ಕುರ್ಚಿ, ಬುಟ್ಟಿ, ಆನೆಯ ಗೊಂಬೆಗಳನ್ನು ಮಾಡುತ್ತಾರೆ. ಕಷ್ಟ ಕೊಟ್ಟ ಗಿಡದಿಂದಲೇ ಅನ್ನ ಹುಡುಕಿಕೊಂಡಿದ್ದಾರೆ!

ರಕ್ತದಲ್ಲಿ ಬರುವ ಕಾಯಿಲೆ

1980ರ ಸುಮಾರಿಗೆ ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಪಡೆದ ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದು ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಆಸ್ಪತ್ರೆ, ಶಾಲೆ, ಕಸುಬಿನ ತರಬೇತಿ ಒಂದೊಂದಾಗಿ ಬಂದವು. 1994ರಲ್ಲಿ ಅವರಿಗೆ ಮತ್ತು ಈ ಕೇಂದ್ರಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಆ ಬೆಟ್ಟದ ಮಕ್ಕಳಲ್ಲಿ ಇಂದು ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ. ಸೋಲಿಗ ಸಮುದಾಯದಲ್ಲಿ ಹುಟ್ಟಿ ಪಿಎಚ್.ಡಿ. ಪಡೆದ ಡಾ. ಸಿ. ಮಾದೇಗೌಡರು ಹಕ್ಕಿನ ಹೋರಾಟದ ಮುಂಚೂಣಿಯಲ್ಲಿದ್ದರು.

ಸೋಲಿಗರಲ್ಲಿ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಕಂಡುಬರುತ್ತದೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಮೈಕೈ ನೋವು, ರಕ್ತಹೀನತೆ, ಪದೇ ಪದೇ ಜ್ವರ ಕಾಡುತ್ತವೆ. ತಾಯಿ, ತಂದೆ ಇಬ್ಬರಲ್ಲೂ ಇದರ ಅಂಶ ಅಡಗಿದ್ದರೆ ಅವರು ಆರೋಗ್ಯವಾಗಿಯೇ ಕಾಣುತ್ತಾರೆ. ಆದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೇಂದ್ರ ಸರಕಾರ 2023ರ ಜುಲೈಯಲ್ಲಿ ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ. ಮದುವೆಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಇದು ಕಾಡಿನವರಿಗೆ ಮಾತ್ರ ಹೇಳಿದ ಮಾತಲ್ಲ. ನಮ್ಮ ಕುಟುಂಬಗಳಲ್ಲಿ ಚಿಕ್ಕಪ್ಪ-ದೊಡ್ಡಪ್ಪನ, ಮಾವನ ಮಕ್ಕಳೊಳಗೆ ಸಂಬಂಧ ಬೆಳೆಸುವುದು ಸಾಮಾನ್ಯ. ಥಲಸ್ಸೇಮಿಯ ಎಂಬ ರಕ್ತದ ಕಾಯಿಲೆಯೂ ಇದೇ ರೀತಿ ಮಕ್ಕಳಿಗೆ ಬರುತ್ತದೆ. ನಿಕಾಹ್‌ನ ದಿನ ಗೊತ್ತು ಮಾಡುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಲು ಸಂಕೋಚವೇಕೆ?

ಇವರಿಗೆ ಬೇಕಾದುದೇನು?

ಸೋಲಿಗರಿಗೆ ಬೇಕಾದುದು ನಮ್ಮ ಹಳೆಯ ಬಟ್ಟೆಗಳ ಗಂಟಲ್ಲ. ಬಾಕಿಯಿರುವ ಕುಟುಂಬಗಳಿಗೆ ಸಾಗುವಳಿ ನೆಲದ ಹಕ್ಕುಪತ್ರ, ತಂದ ಜೇನಿಗೆ ನ್ಯಾಯವಾದ ಬೆಲೆ, ರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆ ತಲಪಿಸುವ ವಾಹನ, ಮಕ್ಕಳಿಗೆ ಮನೆಗೆ ಹತ್ತಿರದ ಒಳ್ಳೆಯ ಶಾಲೆ, ಆನೆ ಬೆಳೆ ತಿಂದರೆ ತಡವಿಲ್ಲದೆ ಪರಿಹಾರ. ಎಲ್ಲಕ್ಕಿಂತ ಮುಖ್ಯವಾಗಿ ಎಬ್ಬಿಸುವುದಿಲ್ಲವೆಂಬ ಭರವಸೆ. ಹುಲಿ ಯೋಜನೆಯಡಿ ಕಾಡು ಬಿಟ್ಟು ಹೋಗುವ ಕುಟುಂಬಕ್ಕೆ ಕೊಡುವ ಮೊತ್ತವನ್ನು 2021ರಲ್ಲಿ ಹತ್ತು ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಲಾಗಿದೆ. ಒಪ್ಪಿಗೆ ಇಲ್ಲದೆ ಯಾರನ್ನೂ ಕಳಿಸುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ರಸ್ತೆ, ವಿದ್ಯುತ್ತು, ಶಾಲೆ ಏನೂ ಕೊಡದೆ ವರ್ಷಗಟ್ಟಲೆ ಕಾಯಿಸಿ, ಕೊನೆಗೆ ಪಡೆಯುವ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ?

ನಾಗರಹೊಳೆಯ ಜೇನುಕುರುಬರನ್ನು ನೋಡಿ. ದಶಕಗಳ ಹಿಂದೆ ಕಾಡಿನಿಂದ ಹೊರಬಿದ್ದ ಐವತ್ತರಷ್ಟು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಹಿಂತಿರುಗಿ ಗುಡಿಸಲು ಕಟ್ಟಿದವು. ಕಾಫಿ ತೋಟದ ಕೂಲಿ ಲೈನಿನಲ್ಲಿ ಅಷ್ಟು ವರ್ಷ ಕಳೆದ ಮೇಲೂ ಅವರ ಮನಸ್ಸು ಕಾಡಿನಲ್ಲಿಯೇ ಇತ್ತು. ಇದು ನಮ್ಮ ರಾಜ್ಯದ ಮಾತು ಮಾತ್ರವಲ್ಲ. ದೂರದ ಫಿಲಿಪ್ಪೀನ್ಸ್ ದೇಶದ ಬೆಟ್ಟಗಳಲ್ಲಿ ಇಫುಗಾವೊ, ಮಂಗ್ಯಾನ್ ಮುಂತಾದ ಮೂಲನಿವಾಸಿಗಳಿದ್ದಾರೆ. ಬೆಟ್ಟವನ್ನು ಮೆಟ್ಟಿಲಾಗಿ ಕಡಿದು ಭತ್ತ ಬೆಳೆಯುವ ಇಫುಗಾವೊಗಳ ಗದ್ದೆಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ದೇಶ 1997ರಲ್ಲಿಯೇ, ನಮಗಿಂತ ಒಂಬತ್ತು ವರ್ಷ ಮೊದಲು, ಮೂಲನಿವಾಸಿಗಳ ಹಕ್ಕಿನ ಕಾನೂನು ಮಾಡಿತು. ಅಲ್ಲಿಯೂ ಕಾನೂನು ಪುಸ್ತಕದಿಂದ ಬೆಟ್ಟಕ್ಕೆ ಹತ್ತಲು ತಡವಾಗುತ್ತಲೇ ಇದೆ.

ನಾವೇನು ಮಾಡಬಹುದು?

ನಾನು ಶಿಕ್ಷಕ. ಕಾಡಿನ ಜನ ಎಂದೊಡನೆ ಎಲೆ ಸುತ್ತಿಕೊಂಡು ಬಿಲ್ಲು ಹಿಡಿದವರ ಚಿತ್ರ ಬರೆಯುವ ಮಕ್ಕಳನ್ನು ತರಗತಿಯಲ್ಲಿ ಕಾಣುತ್ತೇನೆ. ತಪ್ಪು ಮಕ್ಕಳದ್ದಲ್ಲ, ಅವರಿಗೆ ತೋರಿಸಿದ ಟಿವಿ ಮತ್ತು ಸಿನಿಮಾಗಳದ್ದು. ಮೊದಲನೆಯದಾಗಿ, ಮನೆಯಲ್ಲಿ ಮಕ್ಕಳಿಗೆ ಈ ಜನರ ನಿಜವಾದ ಹೆಸರು ಹೇಳಿಕೊಡಿ. ಸೋಲಿಗ, ಜೇನುಕುರುಬ, ಕೊರಗ, ಇರುಳಿಗ. ಇರುಳಿಗರಂತೂ ನಮ್ಮ ಕೆಂಗೇರಿಗೆ ತೀರ ಹತ್ತಿರದ ರಾಮನಗರ, ಮಾಗಡಿಯ ಗುಡ್ಡಗಳಲ್ಲಿಯೇ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತರಂತೆ ಮುಸ್ಲಿಮರೂ ಇದ್ದಾರೆ. ನಮ್ಮದೇ ಕಲಿಮಾ ಹೇಳುವ ಅವರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಎರಡನೆಯದಾಗಿ, ಜೇನು, ಕಾಫಿ, ಸೀಗೆಕಾಯಿ ಕೊಳ್ಳುವಾಗ ಗಿರಿಜನರ ಸಹಕಾರ ಸಂಘದ ಸರಕು ಸಿಗುವುದೇ ಎಂದು ವಿಚಾರಿಸಿ. ನಾಲ್ಕು ರೂಪಾಯಿ ಹೆಚ್ಚಾದರೂ ಅದು ಮರ ಹತ್ತಿದವನ ಮನೆಗೆ ತಲಪಲಿ. ಮೂರನೆಯದಾಗಿ, ಬೆಟ್ಟಕ್ಕೆ ಪ್ರವಾಸ ಹೋದರೆ ಪ್ಲಾಸ್ಟಿಕ್ ಎಸೆಯಬೇಡಿ. ಅನುಮತಿ ಕೇಳದೆ ಅವರ ಹೆಂಗಸರ, ಮಕ್ಕಳ ಫೋಟೊ ತೆಗೆಯಬೇಡಿ. ನಮ್ಮ ಮನೆಯಂಗಳಕ್ಕೆ ಅಪರಿಚಿತರು ಬಂದು ಹಾಗೆ ಮಾಡಿದರೆ ನಾವು ಸಹಿಸುತ್ತೇವೆಯೇ?

ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದು, ಒಂದು ದಿನ ಮಾಲೀಕ ಖಾಲಿ ಮಾಡಿ ಎಂದಾಗ ಎದೆ ಧಸಕ್ಕೆನ್ನುವುದು ನಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ನಮಗೆ ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ ಸಿಗುತ್ತದೆ. ಸೋಲಿಗನಿಗೆ ಅವನ ಹಿರಿಯರ ಕಲ್ಲುಗುಡಿ, ಅವನ ಅಬ್ಬಿಯ ನೀರು ಇರುವ ಇನ್ನೊಂದು ಕಾಡು ಸಿಗುವುದಿಲ್ಲ. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು ಎಂದು ನಾವು ಮಾತು ಮಾತಿಗೆ ಹೇಳುತ್ತೇವೆ. ಗೆಣಸಿನ ತಲೆಯನ್ನು ಮರಳಿ ಮಣ್ಣಿಗಿಡುವ ಆ ತಾಯಿ ಅದನ್ನು ಹೇಳದೆಯೇ ಪಾಲಿಸಿದ್ದಾಳೆ. ಅವಳು ತನ್ನ ಪೋಡಿನಲ್ಲಿಯೇ ನೆಮ್ಮದಿಯಿಂದ ಬಾಳಲಿ ಎಂದು ಹಾರೈಸುವುದು, ಅವಳ ಪರವಾಗಿ ನಾಲ್ಕು ಜನರೆದುರು ಒಂದು ಮಾತಾಡುವುದು ನಮ್ಮಿಂದಾಗದ ಕೆಲಸವೇನಲ್ಲ.